ಬೋಗುಣಿ ಹಿಡಿಯುವ ಮುನ್ನ: ಮುಂಬೈಯ ಕನ್ನಡ ಸಭೆಗಳಲ್ಲಿ ಸೇವೆಗಿಳಿಯುವವರಿಗೆ

ಮುಂಬೈಯಲ್ಲಿ ಹಲವು ಕನ್ನಡ ಕ್ರೈಸ್ತ ಸಭೆಗಳಿಗೆ ಸ್ವಂತ ಕಟ್ಟಡವಿಲ್ಲ. ಒಂದೇ ದೇವಾಲಯದಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಆಮೇಲೆ ಇಂಗ್ಲಿಷ್, ಸಂಜೆಗೆ ತಮಿಳು. ನಡುವೆ ಸಿಕ್ಕ ಬಿಡುವಿನಲ್ಲಿ ನಮ್ಮದು. ಹಿಂದಿನವರು ಹೊರಟು ನಾವು ಒಳಗೆ ಬರುವ ಇಪ್ಪತ್ತು ನಿಮಿಷಗಳಲ್ಲಿ ಕುರ್ಚಿಗಳು ಸಾಲಾಗಬೇಕು, ಅವರ ಸಂಗೀತ ಪುಸ್ತಕಗಳನ್ನು ತೆಗೆದು ನಮ್ಮದನ್ನು ಇಡಬೇಕು, ಮೈಕಿನ ತಂತಿ ಮತ್ತೆ ಜೋಡಿಸಬೇಕು, ಬಾಗಿಲ ಬಳಿಯ ಹೂಜಿಗೆ ನೀರು ತುಂಬಬೇಕು. ಬೀದರ್ ಕಡೆಯ ಮೆಥೊಡಿಸ್ಟರು, ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯವರು, ಹುಬ್ಬಳ್ಳಿಯಿಂದ ಕಳೆದ ತಿಂಗಳಷ್ಟೇ ಬಂದವರು, ಎಲ್ಲರೂ ಆ ಇಪ್ಪತ್ತು ನಿಮಿಷ ಒಂದೇ ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಕೆಲವರು ಮಾತ್ರ ಯಾರೂ ಕರೆಯದೆಯೇ ಒಳಗೆ ಹೋಗಿ ಕುರ್ಚಿ ಎತ್ತುತ್ತಾರೆ. ಒಂದು ಸಭೆಯನ್ನು ನಿಜವಾಗಿ ನಡೆಸುತ್ತಿರುವವರು ಯಾರೆಂದು ತಿಳಿಯಬೇಕಾದರೆ ಆಗ ಅಲ್ಲಿರಬೇಕು.

"ಕೆಲಸ ಇದೆ, ಸಂಬಳ ಬರುತ್ತಿದೆ, ಆದರೆ ಯಾತಕ್ಕಾಗಿ ಬದುಕುತ್ತಿದ್ದೇನೆಂದು ತಿಳಿಯುತ್ತಿಲ್ಲ" ಎಂದು ಅದೇ ಮೆಟ್ಟಿಲ ಮೇಲೆ ನನ್ನ ಬಳಿ ಹೇಳಿಕೊಂಡವರು ಒಬ್ಬಿಬ್ಬರಲ್ಲ. ಊರು ಬಿಟ್ಟು ಬಂದವರಿಗೆ ಈ ಪ್ರಶ್ನೆ ಬೇಗ ಕಾಡುತ್ತದೆ. ಸಭೆಯಲ್ಲಿ ಏನಾದರೂ ಜವಾಬ್ದಾರಿ ಸಿಕ್ಕರೆ ಸರಿಹೋದೀತು ಎಂದು ಅವರು ನಂಬಿರುತ್ತಾರೆ. ನಂಬಿಕೆ ತಪ್ಪಲ್ಲ. ಆದರೆ ದೇವರು ನಮ್ಮನ್ನು ಯಾವುದಕ್ಕೆ ಕರೆದಿದ್ದಾನೆಂಬುದು ಕೋಣೆಯಲ್ಲಿ ಕುಳಿತು ಯೋಚಿಸಿದರೆ ಹೊಳೆಯುವುದು ಅಪರೂಪ, ಹುದ್ದೆ ಕೈಗೆ ಬಂದ ಮಾತ್ರಕ್ಕೂ ಹೊಳೆಯುವುದಿಲ್ಲ. ಒಬ್ಬರ ಕೊರತೆಯ ಎದುರು ನಿಂತು, ಇದನ್ನು ನೀಗಿಸಲು ಬೇಕಾದದ್ದು ನನ್ನ ಬಳಿ ಇದೆಯಲ್ಲ ಎಂದು ಅನ್ನಿಸಿದ ಗಳಿಗೆಯಲ್ಲಿ ಅದು ತಿಳಿಯುತ್ತದೆ. ಆ ಗಳಿಗೆಯವರೆಗೆ ಹೋಗುವ ದಾರಿಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಮೊದಲು: ನಾಲ್ಕು ಭಾನುವಾರ ನೋಡಿ

ಯಾರಿಗೂ ಏನನ್ನೂ ಹೇಳಬೇಡಿ. ಅರ್ಧ ಗಂಟೆ ಮುಂಚೆ ಬನ್ನಿ, ಅರ್ಧ ಗಂಟೆ ತಡವಾಗಿ ಹೊರಡಿ. ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾರು ಒಂಟಿಯಾಗಿ ಬಂದು ಯಾರ ಜೊತೆಯೂ ಮಾತನಾಡದೆ ಹೋದರು? ಪ್ರತಿ ವಾರ ಒಬ್ಬರೇ ಮಾಡುತ್ತಿರುವ ಕೆಲಸ ಯಾವುದು? ಯಾರೂ ಮಾಡದೆ ಬಿಟ್ಟದ್ದು ಯಾವುದು? ಮನೆಗೆ ಹೋಗುವ ರೈಲಿನಲ್ಲಿಯೇ ಬರೆದುಕೊಳ್ಳಿ, ಸೋಮವಾರಕ್ಕೆ ಮರೆತುಹೋಗುತ್ತದೆ.

ನಮ್ಮಲ್ಲಿ ಒಬ್ಬ ಅಜ್ಜಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕುಳಿತುಕೊಳ್ಳುತ್ತಿದ್ದರು. ಪವಿತ್ರ ಭೋಜನ ಮುಗಿಯುತ್ತಿದ್ದಂತೆ ಎದ್ದು ಹೊರಟುಬಿಡುತ್ತಿದ್ದರು. ಅವರಿಗೆ ಜನರ ಒಡನಾಟ ಬೇಡವೆಂದೇ ನಾವೆಲ್ಲ ತಿಳಿದಿದ್ದೆವು. ಹೊಸದಾಗಿ ಬಂದ ಒಬ್ಬ ಹುಡುಗ ಮೂರನೆಯ ಭಾನುವಾರ ಅವರ ಹಿಂದೆ ನಿಲ್ದಾಣದವರೆಗೆ ನಡೆದು ಹೋದ. ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಲು ಅವರಿಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಜನಸಂದಣಿ ಹೆಚ್ಚುವ ಮೊದಲು ಹತ್ತಿಬಿಡಬೇಕೆಂದು ಬೇಗ ಏಳುತ್ತಿದ್ದರು, ಅಷ್ಟೇ. ಅಂದಿನಿಂದ ಅವನು ಅವರ ಕೈಚೀಲ ಹಿಡಿದು ಜೊತೆಗೆ ಹೋಗುತ್ತಿದ್ದಾನೆ. ಈಗ ಅಜ್ಜಿ ಕೊನೆಯ ಆಶೀರ್ವಾದದವರೆಗೂ ಕೂರುತ್ತಾರೆ. ಸಮಿತಿಯ ಯಾವ ಪಟ್ಟಿಯಲ್ಲಿಯೂ ಇಲ್ಲದ ಸೇವೆ ಇದು.

ಬೋಗುಣಿಯ ಕಥೆಯನ್ನು ನಿಧಾನವಾಗಿ ಓದಿ

ಸೇವಕ ನಾಯಕತ್ವ ಎಂಬ ಮಾತನ್ನು ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್, 1970ರಲ್ಲಿ. ದೊಡ್ಡ ದೂರವಾಣಿ ಕಂಪನಿಯೊಂದರಲ್ಲಿ ದಶಕಗಳ ಕಾಲ ದುಡಿದವರು ಅವರು. ಅವರು ಕೊಟ್ಟ ಒರೆಗಲ್ಲು ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಸೇವೆ ಪಡೆದವರು ಬೆಳೆದರೇ, ಅವರೂ ಮುಂದೆ ಸೇವೆ ಮಾಡುವವರಾದರೇ ಎಂದು ಕೇಳಿಕೊಳ್ಳುವುದು. ಆದರೆ ಕ್ರೈಸ್ತನಿಗೆ ಈ ವಿಚಾರದ ಬೇರು ಇರುವುದು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ. ಯೇಸು ಊಟದಿಂದ ಎದ್ದು, ಮೇಲ್ಹೊದಿಕೆ ತೆಗೆದಿಟ್ಟು, ನಡುವಿಗೆ ಕೈಪಾವುಡ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆದನು.

ಪವಿತ್ರ ಗುರುವಾರದಂದು ನಾವು ಇದನ್ನು ಕೇಳುತ್ತಲೇ ಬಂದಿದ್ದೇವೆ. ಎರಡು ಸಂಗತಿಗಳನ್ನು ಮಾತ್ರ ಗಮನಿಸಿ ಎನ್ನುತ್ತೇನೆ. ಕಾಲು ತೊಳೆಯುವ ಮುಂಚೆ ಸುವಾರ್ತೆಗಾರ ಒಂದು ಮಾತು ಹೇಳುತ್ತಾನೆ: ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೆ ಹೋಗುವವನು ಎಂದು ಯೇಸುವಿಗೆ ತಿಳಿದಿತ್ತು. ತಾನು ಯಾರೆಂಬುದರಲ್ಲಿ ಅಳುಕಿಲ್ಲದವನು ಮಾತ್ರ ನೆಮ್ಮದಿಯಿಂದ ಬಗ್ಗಬಲ್ಲ. ನಮ್ಮ ಬೆಲೆಯನ್ನು ಸೇವೆಯಿಂದಲೇ ಸಂಪಾದಿಸಿಕೊಳ್ಳಲು ಹೊರಟರೆ, ಯಾರಾದರೂ ಧನ್ಯವಾದ ಹೇಳಲು ಮರೆತ ದಿನ ಎಲ್ಲವೂ ಕುಸಿಯುತ್ತದೆ. ಎರಡನೆಯದು, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಎದ್ದು ಕತ್ತಲೆಗೆ ಹೋದದ್ದು ಕಾಲು ತೊಳೆದಾದ ಮೇಲೆ. ಅಂದರೆ ಅವನ ಕಾಲನ್ನೂ ತೊಳೆಯಲಾಗಿತ್ತು. ನಾವು ಯಾರ ಕಾಲು ತೊಳೆಯಬೇಕೆಂದು ಆರಿಸಿಕೊಳ್ಳುವ ಹಕ್ಕು ನಮಗಿಲ್ಲ ಎಂಬುದು ನನಗೆ ಈ ಅಧ್ಯಾಯದ ಅತ್ಯಂತ ಕಷ್ಟದ ಭಾಗ.

ಮಾರ್ಕನ 10ನೆಯ ಅಧ್ಯಾಯದಲ್ಲಿ ಶಿಷ್ಯರಾದ ಯಾಕೋಬ ಯೋಹಾನರು ಯೇಸುವಿನ ಬಲಗಡೆ ಎಡಗಡೆಯ ಆಸನ ಕೇಳಿದ್ದನ್ನೂ ಇದರ ಜೊತೆಗೆ ಓದಿಕೊಳ್ಳಿ. ಉಳಿದ ಹತ್ತು ಮಂದಿ ಸಿಟ್ಟಾದರು ಎಂದಿದೆ. ಸಭಾ ಸಮಿತಿಯ ಚುನಾವಣೆ ನೋಡಿದವರಿಗೆ ಆ ಸಿಟ್ಟು ಹೊಸದೇನಲ್ಲ.

ಗಂಟೆಗಳನ್ನು ಲೆಕ್ಕ ಹಾಕಿ

ಹುಮ್ಮಸ್ಸಿನಲ್ಲಿ ಮಾತು ಕೊಟ್ಟು ಮೂರು ತಿಂಗಳಲ್ಲಿ ಮಾಯವಾಗುವವರಿಂದ ಸಭೆಗೆ ಆಗುವ ನೋವು ದೊಡ್ಡದು. ಇದಕ್ಕೆ ಹೆಚ್ಚಿನ ಸಲ ಕಾರಣ ಭಕ್ತಿಯ ಕೊರತೆಯಲ್ಲ, ದೂರ. ದೂರದ ಉಪನಗರ ಡೊಂಬಿವಲಿಯಿಂದ ದಕ್ಷಿಣ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಒಂದು ಗಂಟೆಗೂ ಮೇಲೆ ಬೇಕು. ಅದರಲ್ಲಿಯೂ ಭಾನುವಾರವೇ ಮೆಗಾ ಬ್ಲಾಕ್. ಹಳಿ ದುರಸ್ತಿಗೆಂದು ಹಗಲಿನ ಹಲವು ಗಂಟೆ ಲೋಕಲ್‌ಗಳು ರದ್ದಾಗುತ್ತವೆ ಅಥವಾ ಬೇರೆ ಹಳಿಗೆ ತಿರುಗುತ್ತವೆ. ಶನಿವಾರ ಸಂಜೆ ಮೆಗಾ ಬ್ಲಾಕ್ ಪ್ರಕಟಣೆ ನೋಡಿಕೊಳ್ಳುವುದನ್ನು ಪ್ರಾರ್ಥನೆಯಷ್ಟೇ ನಿಯಮಿತ ಅಭ್ಯಾಸ ಮಾಡಿಕೊಳ್ಳಿ.

ವಾರದಲ್ಲಿ ನಿಮಗೆ ನಿಜವಾಗಿ ಉಳಿಯುವ ಗಂಟೆಗಳನ್ನು ಪ್ರಯಾಣವನ್ನೂ ಸೇರಿಸಿ ಬರೆಯಿರಿ. ಆ ಸಂಖ್ಯೆಯ ಅರ್ಧವನ್ನು ಮಾತ್ರ ಸಭೆಗೆ ಕೊಡಿ. ಆರು ಗಂಟೆ ಉಳಿದರೆ ಮೂರು. ಉಳಿದರ್ಧ ಮನೆಯವರಿಗೆ, ನಿದ್ದೆಗೆ, ತಡವಾಗಿ ಬರುವ ರೈಲಿಗೆ. ಮಾತು ಕೊಡುವಾಗ "ಆರು ತಿಂಗಳು ಮಾಡುತ್ತೇನೆ, ಆಮೇಲೆ ಕೂತು ಮಾತನಾಡೋಣ" ಎಂದೇ ಹೇಳಿ. ಹೋಟೆಲಿನಲ್ಲಿ ದುಡಿಯುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗಳು, ಮನೆಗೆಲಸದ ತಾಯಂದಿರು ಭಾನುವಾರ ಬರಲಾಗದಿದ್ದರೆ ಅವರನ್ನು ಅರೆಮನಸ್ಸಿನವರೆಂದು ಯಾರೂ ಎಣಿಸಬಾರದು. ಬುಧವಾರ ಮಧ್ಯಾಹ್ನ ಒಂದು ಗಂಟೆ ಇರುವವರಿಗೆ ಹೊಂದುವ ಕೆಲಸವೂ ಇದೆ. ಮುಂದಿನ ಮಾತು ಅದರದೇ.

ನಿಮ್ಮ ಬಳಿ ಆಗಲೇ ಇರುವುದು: ಕನ್ನಡ

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ಮುಂಬೈ ಕನ್ನಡಿಗರಿಗೆಂದೇ ಬರೆದಂತಿದೆ ಎಂದು ನನಗೆ ಅನ್ನಿಸುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯದ ಊಟ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂತು. ಬೇರೆ ಕಡೆಗಳಿಂದ ಬಂದು ಆ ನಗರದಲ್ಲಿ ನೆಲೆಸಿದವರ ಬಳಗ ಅದು. ಅಪೊಸ್ತಲರು ಏಳು ಮಂದಿಯನ್ನು ಆರಿಸುವಂತೆ ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಯಾರ ಮನೆಯ ಹೆಂಗಸರು ಹಸಿದಿದ್ದರೋ ಆ ಬಳಗದವರ ಕೈಗೇ ಸೌಟು ಬಂದಂತಿದೆ. ಭಾಷೆಯಿಂದ ಹುಟ್ಟಿದ ಕೊರತೆಯನ್ನು ಭಾಷೆ ಬಲ್ಲವರೇ ನೀಗಿಸಿದರು.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಕ್ಯಾನ್ಸರ್ ಚಿಕಿತ್ಸೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಕರ್ನಾಟಕದ ಹಳ್ಳಿಗಳಿಂದಲೂ. ಕೆಲವರಿಗೆ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಜಾಗ ಸಿಗುತ್ತದೆ, ಸಿಗದವರು ರಸ್ತೆಬದಿಯಲ್ಲಿ ಮಲಗುತ್ತಾರೆ. ಇಂಥವರಿಗೆ ಹಣಕ್ಕಿಂತ ಮೊದಲು ಬೇಕಾಗುವುದು ತಮ್ಮ ಮಾತು ಬಲ್ಲ ಒಬ್ಬ ಮನುಷ್ಯ.

ನಗರದ ಒಂದು ದೊಡ್ಡ ಆಸ್ಪತ್ರೆಯ ಹೊರಗೆ ನಾನು ಕಂಡದ್ದನ್ನು ಹೇಳುತ್ತೇನೆ. ಹಾವೇರಿ ಕಡೆಯ ಒಬ್ಬ ರೈತ ಹೆಂಡತಿಯ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಫೈಲು. ಎರಡು ದಿನದ ಹಿಂದೆ ಅವರಿಗೆ "ಪರ್ಸೋ ಖಾಲಿ ಪೇಟ್ ಆನಾ", ಅಂದರೆ ನಾಡಿದ್ದು ಬರಿಹೊಟ್ಟೆಯಲ್ಲಿ ಬನ್ನಿ, ಎಂದು ಹಿಂದಿಯಲ್ಲಿ ಹೇಳಿದ್ದರಂತೆ. ಅವರು ಅದನ್ನು "ಪೇಟೆ ಖಾಲಿ ಇರುವಾಗ ಬಾ" ಎಂದು ತಿಳಿದುಕೊಂಡರು. ಅಂಗಡಿ ತೆರೆಯುವ ಮುನ್ನ, ಬೆಳಗಿನ ಐದೂವರೆಗೇ ಬಂದು ನಿಂತಿದ್ದರು. ಸಾಲು ಉದ್ದವಿರುತ್ತದೆ, ಹೊಟ್ಟೆಗೆ ಬಿದ್ದಿರಲಿ ಎಂದು ಹೆಂಡತಿಗೆ ಎರಡು ರೊಟ್ಟಿ ತಿನ್ನಿಸಿಯೇ ಕರೆತಂದಿದ್ದರು. ತಪಾಸಣೆ ನಾಲ್ಕು ದಿನ ಮುಂದೆ ಹೋಯಿತು. ರಸ್ತೆಬದಿಯಲ್ಲಿ ಇನ್ನೂ ನಾಲ್ಕು ರಾತ್ರಿ. "ನಾನೇ ತಿನ್ನಿಸಿದೆನಲ್ಲ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಹೊಟ್ಟೆ ಎಂಬ ಒಂದು ಪದ ಗೊತ್ತಿದ್ದ ಯಾರಾದರೂ ಪಕ್ಕದಲ್ಲಿ ನಿಂತಿದ್ದರೆ ಸಾಕಿತ್ತು. ಹನ್ನೆರಡು ವರ್ಷ ಸಭೆಯಲ್ಲಿ ಸೇವೆ ಮಾಡಿದ್ದೆ, ನನ್ನ ಕನ್ನಡವೂ ಒಂದು ವರ ಎಂದು ನನಗೆ ಅಂದೇ ಹೊಳೆದದ್ದು.

ಈ ಸೇವೆಗೆ ಇಳಿಯುವವರು ಹೀಗೆ ಮಾಡಿ. ನೇರವಾಗಿ ವಾರ್ಡಿಗೆ ನುಗ್ಗಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯ ವಿಭಾಗ ಇರುತ್ತದೆ. ಸಭಾಪಾಲಕರ ಪತ್ರ ಮತ್ತು ನಿಮ್ಮ ಗುರುತಿನ ಚೀಟಿ ಹಿಡಿದು ಅಲ್ಲಿಗೆ ಹೋಗಿ, ಕನ್ನಡದವರಿಗೆ ನೆರವು ಬೇಕಾದಾಗ ಕರೆಯಿರಿ ಎಂದು ಕೇಳಿ. ಕರೆ ಬಂದಾಗ ವೈದ್ಯರು ಹೇಳಿದ್ದನ್ನು ಹೇಳಿದಂತೆಯೇ ಕನ್ನಡಕ್ಕೆ ತನ್ನಿ. ಸಿಹಿ ಮಾಡಬೇಡಿ, ಸೇರಿಸಬೇಡಿ, ರೋಗಿಗೆ ಬೇಸರವಾದೀತೆಂದು ಬಿಡಲೂ ಬೇಡಿ. ಅರ್ಥವಾಗದ ಪದವನ್ನು ವೈದ್ಯರನ್ನೇ ಮತ್ತೆ ಕೇಳಿ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಡಿ: ಮುಂದಿನ ತಾರೀಖು, ವಾರ, ಗಂಟೆ, ಯಾವ ಮಹಡಿ, ಊಟ ಮಾಡಿ ಬರಬೇಕೋ ಬರಿಹೊಟ್ಟೆಯಲ್ಲೋ. ಹಿಂದಿಯ ‘ಕಲ್’, ‘ಪರ್ಸೋ’ ಎರಡೂ ಹಿಂದಿನ ದಿನಕ್ಕೂ ಮುಂದಿನ ದಿನಕ್ಕೂ ಸಲ್ಲುವ ಪದಗಳು, ಆದ್ದರಿಂದ ತಾರೀಖನ್ನು ಅಂಕಿಯಲ್ಲಿಯೇ ಬರೆಯಿರಿ. ಕೊನೆಗೆ ಅವರ ಬಾಯಿಂದಲೇ ಒಮ್ಮೆ ಹೇಳಿಸಿ.

ಕಾಯಿಲೆಯ ವಿಷಯ ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು, ಪ್ರಾರ್ಥನೆಯ ವಿನಂತಿಯ ರೂಪದಲ್ಲಿಯೂ ಹೋಗಬಾರದು. ಹಾಗೆಯೇ, ನೋವಿನಲ್ಲಿರುವವರ ಹಾಸಿಗೆಯ ಪಕ್ಕ ಮತಬೋಧನೆ ಬೇಡವೇ ಬೇಡ. ನಿಮ್ಮ ಮೇಲೆ ಅವಲಂಬಿಸಿರುವ ಮನುಷ್ಯನಿಗೆ "ಬೇಡ" ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಆ ಅಸಹಾಯಕತೆಯನ್ನು ಬಳಸಿಕೊಂಡರೆ ಬೋಗುಣಿಯ ಕಥೆಯನ್ನು ನಾವು ಓದಿಯೇ ಇಲ್ಲವೆಂದು ಅರ್ಥ. ಅವರೇ ಪ್ರಾರ್ಥಿಸಿ ಎಂದು ಕೇಳಿದರೆ ಪ್ರಾರ್ಥಿಸಿ.

ಸಭೆಯೊಳಗಿನ ಕೆಲಸವಾದರೆ

ಸಭಾಪಾಲಕರ ಬಳಿ ಹೋಗಿ ನಿಮ್ಮ ಪುಸ್ತಕ ತೋರಿಸಿ, ಒಂದೇ ಕೆಲಸ ಕೇಳಿ. ಮೊದಲ ಎರಡು ತಿಂಗಳು ಆ ಕೆಲಸವನ್ನು ಆಗಲೇ ಮಾಡುತ್ತಿರುವವರ ಕೈಕೆಳಗೆ ಇರಿ. ನಿಮಗೆ ಇನ್ನೂ ಒಳ್ಳೆಯ ವಿಧಾನ ಗೊತ್ತಿರಬಹುದು, ಆದರೂ ಎರಡು ತಿಂಗಳು ತಾಳಿ.

ಭಾನುವಾರ ಶಾಲೆಗೆ ಸೇರುವವರಿಗೆ ಕೆಲವು ಕಟ್ಟುನಿಟ್ಟಿನ ಮಾತುಗಳಿವೆ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಒಂದು ಮಗುವನ್ನು ಒಬ್ಬರೇ ಎಲ್ಲಿಗೂ ಕರೆದೊಯ್ಯಬಾರದು. ತಂದೆತಾಯಿಯ ಒಪ್ಪಿಗೆಯಿಲ್ಲದೆ ಫೋಟೋ ತೆಗೆದು ಹಾಕಬಾರದು. ಮಗುವೊಂದು ತನಗೆ ಆದದ್ದನ್ನು ಹೇಳಿಕೊಂಡರೆ, "ಸಭೆಯ ಮರ್ಯಾದೆ" ಎಂದು ಅದನ್ನು ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷೆಗೆ ಅರ್ಹವಾದ ಅಪರಾಧ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ತರಗತಿಯ ಗೋಡೆಯ ಮೇಲೆ ಮಕ್ಕಳ ಕಣ್ಣೆತ್ತರದಲ್ಲಿ ಇರಲಿ.

ಹಣದ ಕೆಲಸವಾದರೆ ಕಾಣಿಕೆಯನ್ನು ಇಬ್ಬರು ಎಣಿಸಲಿ, ಇಬ್ಬರೂ ಅಲ್ಲಿಯೇ ಸಹಿ ಮಾಡಲಿ. ನಂಬಿಕೆ ಇಲ್ಲವೆಂದಲ್ಲ, ನಂಬಿಕೆ ಉಳಿಯಲೆಂದು.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೀರ್ತನೆ ಹಾಡುವಾಗ ಪುಸ್ತಕ ಹಿಡಿದು ಸುಮ್ಮನೆ ತುಟಿ ಆಡಿಸುತ್ತಾರೆ. ಟೈಪ್ ಮಾಡಲು ಬಲ್ಲವರು ಆ ವಾರದ ನಾಲ್ಕು ಹಾಡುಗಳನ್ನು ದೇವನಾಗರಿ ಲಿಪಿಯಲ್ಲಿ ಒಂದು ಹಾಳೆಯಾಗಿ ಮಾಡಿ ಕೊಟ್ಟರೆ, ಯುವಜನರ ಸಾಲಿನಿಂದ ದನಿ ಏಳುತ್ತದೆ. ಮನೆಯಲ್ಲಿಯೇ ಕುಳಿತು ಮಾಡಬಹುದಾದ ಸೇವೆ ಇದು, ಬುಧವಾರ ರಾತ್ರಿ ಮಾಡಿದರೂ ಆದೀತು.

ದಣಿದಾಗ

ದಣಿವು ಬಂದೇ ಬರುತ್ತದೆ. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾಯಬೇಕೆಂದು ಬೇಡಿಕೊಂಡಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಕೊಟ್ಟನು, ನಡುವೆ ಮಲಗಲು ಬಿಟ್ಟನು. ನೀವೂ ಒಂದು ಭಾನುವಾರ ಯಾವ ಕೆಲಸವೂ ಇಲ್ಲದೆ ಬಂದು ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳಿ. ಯಾರಿಂದಲಾದರೂ ನೋವಾಗಿದ್ದರೆ ಮತ್ತಾಯನ 18ನೆಯ ಅಧ್ಯಾಯ ಹೇಳುವಂತೆ ಮೊದಲು ಅವರ ಬಳಿಗೇ ಒಬ್ಬರೇ ಹೋಗಿ. ನಾಲ್ಕು ಜನರಿಗೆ ಹೇಳಿ ಐದನೆಯವರಾಗಿ ಅವರ ಬಳಿ ಹೋದರೆ ಮಾತು ಕೂಡುವುದಿಲ್ಲ.

ಆರು ತಿಂಗಳಾದ ಮೇಲೆ: ಇನ್ನೊಬ್ಬರ ಕೈಗೆ ಕೊಡಿ

ನಾಯಕತ್ವದ ಪರೀಕ್ಷೆ ಇರುವುದು ಇಲ್ಲಿ, ನಾನು ಸೋತದ್ದೂ ಇಲ್ಲಿಯೇ. ಐದು ವರ್ಷ ಕ್ರಿಸ್ಮಸ್ ಕಾರ್ಯಕ್ರಮವನ್ನು ನಾನೇ ನಡೆಸಿದೆ. ಯಾವ ಮಗುವಿಗೆ ಯಾವ ಪಾತ್ರ, ಬಟ್ಟೆ ಯಾರ ಮನೆಯಲ್ಲಿ, ಕೇಕಿಗೆ ಯಾರಿಗೆ ಹೇಳಬೇಕು, ಎಲ್ಲವೂ ನನ್ನ ತಲೆಯಲ್ಲಿತ್ತು. ಕಪಾಟಿನ ಬೀಗದ ಕೈ ನನ್ನ ಚೀಲದಲ್ಲಿತ್ತು. ಆರನೆಯ ವರ್ಷ ಡಿಸೆಂಬರ್ ಎರಡನೆಯ ವಾರ ಡೆಂಗಿ ಜ್ವರ ಬಂತು. ಮಕ್ಕಳು ಆ ವರ್ಷ ನಾಟಕ ಆಡಲಿಲ್ಲ. ಕಪಾಟಿನೊಳಗೆ ದೇವದೂತರ ರೆಕ್ಕೆಗಳಿದ್ದವು, ಹೊರಗೆ ಮಕ್ಕಳು ಕಾಯುತ್ತಿದ್ದರು. ನನ್ನನ್ನು ಯಾರೂ ದೂರಲಿಲ್ಲ. "ಅಕ್ಕ ಇಲ್ಲದೆ ಏನೂ ಆಗುವುದಿಲ್ಲ" ಎಂದು ಹೊಗಳಿದರು, ಅದೇ ನನ್ನನ್ನು ಇಂದಿಗೂ ನೋಯಿಸುವುದು. ಐದು ವರ್ಷದಲ್ಲಿ ನಾನು ಯಾರನ್ನೂ ಬೆಳೆಸಿರಲಿಲ್ಲ.

ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋನು ಇದನ್ನೇ ಕಂಡನು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಳಿಯ ಒಬ್ಬನೇ ಕುಳಿತು ನ್ಯಾಯ ಹೇಳುತ್ತಿದ್ದ, ಜನ ನಿಂತೇ ಇದ್ದರು. ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದ ಇತ್ರೋನು, ಸಾವಿರ, ನೂರು, ಐವತ್ತು, ಹತ್ತು ಮಂದಿಗೊಬ್ಬ ಮುಖ್ಯಸ್ಥನನ್ನು ನೇಮಿಸಲು ಹೇಳಿದನು. ಒಬ್ಬರೇ ಎಲ್ಲವನ್ನೂ ಹೊತ್ತರೆ ಬಳಲುವುದು ಸೇವೆ ಪಡೆಯುವವರೂ ಹೌದು ಎಂಬ ಅರ್ಧ ನಮಗೆ ನೆನಪಿರುವುದಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲಬುರಗಿಗೆ ಹೋಗುವಾಗ ಪುಣೆ ದಾಟಿದ ಮೇಲೆ, ದೌಂಡ್ ಬರುವ ಮುನ್ನ ಕೇಡಗಾಂವ ಎಂಬ ನಿಲ್ದಾಣ ಸಿಗುತ್ತದೆ. ಪಂಡಿತಾ ರಮಾಬಾಯಿ ಮುಕ್ತಿ ಸದನ ಕಟ್ಟಿದ್ದು ಅಲ್ಲಿ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ಒಯ್ದರು. ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು, ಊಟ ಹಾಕಿ ಸುಮ್ಮನಾಗದೆ ನೇಯ್ಗೆ, ಬೇಸಾಯ, ಮುದ್ರಣ ಕಲಿಸಿದರು. ಅವರು ಮರಾಠಿಗೆ ಅನುವಾದಿಸಿದ ಸತ್ಯವೇದದ ಅಚ್ಚುಮೊಳೆ ಜೋಡಿಸಿದ್ದು ಆ ಹೆಣ್ಣುಮಕ್ಕಳೇ. ಜೊತೆಗೆ ದುಡಿದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು, ಮರುವರ್ಷ ರಮಾಬಾಯಿಯೂ. ಸದನ ಮುಚ್ಚಲಿಲ್ಲ, ಇಂದಿಗೂ ನಡೆಯುತ್ತಿದೆ. ಆ ನಿಲ್ದಾಣ ಹಿಂದೆ ಸರಿಯುವಾಗಲೆಲ್ಲ ನನ್ನ ಬೀಗದ ಕೈ ನೆನಪಾಗುತ್ತದೆ.

ಹಾಗಾಗಿ ಆರನೆಯ ತಿಂಗಳಿನಲ್ಲಿ ನಿಮ್ಮ ಕೆಲಸವನ್ನು ಒಂದು ಪುಟದಲ್ಲಿ ಬರೆಯಿರಿ: ಏನು, ಯಾವಾಗ, ಸಾಮಾನು ಎಲ್ಲಿ, ಯಾರಿಗೆ ಫೋನ್ ಮಾಡಬೇಕು. ಅದನ್ನು ಇನ್ನೊಬ್ಬರ ಕೈಗಿತ್ತು, ಒಂದು ಭಾನುವಾರ ಅವರೇ ಮಾಡಲಿ, ನೀವು ಪಕ್ಕದಲ್ಲಿರಿ. ಮುಂದಿನ ಭಾನುವಾರ ನೀವು ಅಲ್ಲಿ ಇರಲೇಬೇಡಿ. ಅವರು ನಿಮ್ಮಷ್ಟು ಚೆನ್ನಾಗಿ ಮಾಡುವುದಿಲ್ಲ. ಮಾಡಲಿ, ಬಿಡಿ. ತಿದ್ದುವುದಿದ್ದರೆ ಎರಡು ದಿನ ಬಿಟ್ಟು, ಇಬ್ಬರೇ ಇರುವಾಗ ಹೇಳಿ.

ಆಸ್ಪತ್ರೆಯ ಚೀಟಿಗಳನ್ನು ಈಗ ಬರೆಯುವುದು ನಾನಲ್ಲ. ಕಲ್ಯಾಣದಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ಮಾತ್ರ ಕನ್ನಡ ಆಡುವ ಒಬ್ಬ ಹುಡುಗಿ ಆ ಕೆಲಸ ವಹಿಸಿಕೊಂಡಿದ್ದಾಳೆ. ಈ ಚೀಟಿಗಾಗಿಯೇ ಅವಳು ಲಿಪಿ ಕಲಿತಳು, ಅಕ್ಷರಗಳು ಇನ್ನೂ ಒಂದಕ್ಕೊಂದು ದೂರ ದೂರ ನಿಂತಿರುತ್ತವೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಬರಿಹೊಟ್ಟೆ’ ಎಂದು ಬರೆಯುವಾಗ ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಕೇಳಿದಳು.